ಕೂಸಿನ ಮೂಗು ಕಟ್ಟಿದ ರಾತ್ರಿ

ರಾತ್ರಿ ಎರಡು ಗಂಟೆ. ಮೂರು ತಿಂಗಳ ಕೂಸು ಮೊಲೆ ಕಚ್ಚುತ್ತದೆ, ನಾಲ್ಕು ಗುಟುಕು ಎಳೆಯುತ್ತದೆ, ಬಿಟ್ಟು ಕಿರುಚುತ್ತದೆ. ಮತ್ತೆ ಕಚ್ಚುತ್ತದೆ, ಮತ್ತೆ ಬಿಡುತ್ತದೆ. ಮೂಗಿನೊಳಗೆ ಗೊರಗೊರ ಸದ್ದು. ತನ್ನ ಹಾಲು ಸಾಲುತ್ತಿಲ್ಲವೇನೋ ಎಂದು ತಾಯಿಗೆ ಅನುಮಾನ. ದೃಷ್ಟಿ ತಾಗಿದೆ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ಹುಡುಕುತ್ತಾರೆ. ಅಪ್ಪನ ಕೈಯಲ್ಲಿ ದೊಡ್ಡ ಮಗುವಿಗೆ ತಂದು ಉಳಿದಿದ್ದ ಸಿರಪ್ಪಿನ ಬಾಟಲಿ. ಕರ್ನಾಟಕದ ಸಾವಿರಾರು ಮನೆಗಳಲ್ಲಿ ಮಳೆಗಾಲ, ಚಳಿಗಾಲಗಳ ಇಂಥ ರಾತ್ರಿಯಲ್ಲಿ ಏನೇನು ನಡೆಯುತ್ತದೆ, ಅದರಲ್ಲಿ ಯಾವುದು ಕೂಸಿಗೆ ನಿಜವಾಗಿ ಒದಗುತ್ತದೆ ಎಂದು ಒಮ್ಮೆ ಕೂತು ತೂಗಿ ನೋಡಬೇಕು.

ತೂಗುವ ಮೊದಲು ಕೂಸಿನ ಕಷ್ಟವೇನೆಂದು ತಿಳಿಯಬೇಕು. ಹುಟ್ಟಿದ ಮೊದಲ ಕೆಲವು ತಿಂಗಳು ಮಕ್ಕಳು ಬಹುಪಾಲು ಮೂಗಿನಿಂದಲೇ ಉಸಿರಾಡುತ್ತವೆ. ಆ ಮೂಗಿನ ದಾರಿಯೋ ಬಲು ಕಿರಿದು. ಒಂದಿಷ್ಟು ಸಿಂಬಳ, ಒಂದಿಷ್ಟು ಬಾವು ಬಂದರೆ ಸಾಕು, ಮುಚ್ಚಿಹೋಗುತ್ತದೆ. ಹಾಲು ಕುಡಿಯುವಾಗ ಬಾಯಿ ತುಂಬಿರುತ್ತದೆ. ಆಗ ಮೂಗೂ ಕಟ್ಟಿದರೆ ಉಸಿರಿಗಾಗಿ ಹಾಲು ಬಿಡಬೇಕು, ಹಾಲಿಗಾಗಿ ಉಸಿರು ಹಿಡಿಯಬೇಕು. ದೊಡ್ಡವರಿಗೆ ನೆಗಡಿ ಎಂದರೆ ಮೂಗಿನ ಕಾಟ. ಎಳೆಕೂಸಿಗೆ ಅದು ಹಸಿವಿನ, ನಿದ್ದೆಯ ಕಾಟ. ಹಾಗಾಗಿ ಸಂತೈಸುವ ಯಾವ ಕ್ರಮವನ್ನಾದರೂ ಕೇಳಬೇಕಾದ್ದು ಇಷ್ಟು: ಇದರಿಂದ ಉಸಿರು ಸಲೀಸಾಯಿತೆ, ಹಾಲು ಒಳಗಿಳಿಯಿತೆ?

ಈ ಪ್ರಶ್ನೆ ಹಿಡಿದು ಹೋದರೆ ನಮ್ಮ ಬಾಣಂತನದ ಕೋಣೆಯಲ್ಲಿ ಮೆಚ್ಚಬೇಕಾದ್ದು ಬಹಳವಿದೆ. ಮೊದಲನೆಯದು ಹೆಗಲು. ಮೂಗು ಕಟ್ಟಿದ ಕೂಸನ್ನು ಅಜ್ಜಿ ಮಲಗಿಸಿ ತಟ್ಟುವುದಿಲ್ಲ. ಎತ್ತಿ ಹೆಗಲಿಗೆ ಹಾಕಿಕೊಂಡು, ಬೆನ್ನಿಗೆ ಅಂಗೈ ಕೊಟ್ಟು, ಪಡಸಾಲೆಯ ಉದ್ದಕ್ಕೂ ನಡೆಯುತ್ತಾರೆ. ನೆಟ್ಟಗಿದ್ದಾಗ ಮೂಗಿನ ಬಿಗಿ ಕೊಂಚ ಸಡಿಲವಾಗುತ್ತದೆ. ನಡಿಗೆಯ ಗುಣವನ್ನು ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಅಳೆದು ನೋಡಿದರು. ಅಳುವ ಶಿಶುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೇ ಹಿಡಿದು ಕುಳಿತಿರಿ, ಆಮೇಲೆ ಮಲಗಿಸಿ ಎಂದು ಅವರು ಹೇಳಿದರು. ನಿದ್ದೆ ಹತ್ತಿದ ಕೂಡಲೇ ಕೆಳಗಿಟ್ಟರೆ ಎಚ್ಚರವಾಗುತ್ತದೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತು. ತೊಟ್ಟಿಲಿಗೆ ಹಾಕುವ ಮೊದಲು ತೊಡೆಯ ಮೇಲೆ ಒಂದಿಷ್ಟು ಹೊತ್ತು ಇಟ್ಟುಕೊಳ್ಳುವುದು ಅದಕ್ಕೇ.

ಎರಡನೆಯದು ಹಾಲು. ನೆಗಡಿಯಾದರೂ ಮೊಲೆ ಬಿಡಿಸಬಾರದು, ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ಕೊಡುತ್ತಿರಬೇಕು ಎಂಬ ಹಿರಿಯರ ಮಾತಿಗೆ ಇಂದಿನ ವೈದ್ಯರದ್ದೂ ಪೂರ್ತಿ ಒಪ್ಪಿಗೆಯಿದೆ. ತಾಯಿಗೂ ನೆಗಡಿಯಾಗಿದ್ದರೆ ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಡಿಸಬಹುದು, ನಿಲ್ಲಿಸಬೇಕಾಗಿಲ್ಲ.

ವೀಳ್ಯದೆಲೆಯ ಕಾವನ್ನು ಹತ್ತಿರದಿಂದ ನೋಡಿ. ಎಲೆಗೆ ತೆಳ್ಳಗೆ ಎಣ್ಣೆ ಸವರಿ, ದೀಪದ ಕುಡಿಯ ಮೇಲೆ ಆಡಿಸಿ, ಅಜ್ಜಿ ಮೊದಲು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಾರೆ. ಬಿಸಿ ಹದವಾಗಿದೆ ಎನಿಸಿದ ಮೇಲಷ್ಟೇ ಅದು ಕೂಸಿನ ಎದೆಗೆ ಹೋಗುತ್ತದೆ. ಎಲೆ ಕಫ ಕರಗಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬೆಚ್ಚಗಿನ ಮೃದು ಸ್ಪರ್ಶಕ್ಕೆ ಕೂಸು ಸುಮ್ಮನಾಗುವುದಂತೂ ನಿಜ. ಎಳೆಚರ್ಮ ಬೇಗ ಸುಡುತ್ತದೆ ಎಂಬ ಎಚ್ಚರ ಆ ಕೆನ್ನೆಯ ಪರೀಕ್ಷೆಯಲ್ಲೇ ಇದೆ.

ಇಷ್ಟರವರೆಗೆ ಮದ್ದು ಮೈಯ ಹೊರಗಿತ್ತು. ಅದು ಒಳಗೆ ಇಳಿಯತೊಡಗಿದಲ್ಲಿ ಬಾಣಂತನ ದಾರಿ ತಪ್ಪುತ್ತದೆ.

ಎರೆಯುವಾಗ ಮೂಗಿಗೆ ಎರಡು ಹನಿ ಎಣ್ಣೆ ಬಿಡುವ ರೂಢಿಯನ್ನೇ ತೆಗೆದುಕೊಳ್ಳಿ. ನೀರು ಉಸಿರುನಾಳಕ್ಕೆ ಹೋದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಹಾಗಲ್ಲ, ಕೆಮ್ಮೂ ಬರಿಸದೆ ಜಾರಿ ಶ್ವಾಸಕೋಶ ಸೇರಿ ಅಲ್ಲೇ ಉಳಿಯುತ್ತದೆ. ಹೀಗಾಗುವ ನ್ಯುಮೋನಿಯಾವನ್ನು ದಕ್ಷಿಣ ಭಾರತದ ಮಕ್ಕಳಲ್ಲಿ ಗುರುತಿಸಿದ ವರದಿ 1973ರಷ್ಟು ಹಿಂದೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಐವತ್ತು ವರ್ಷ ಕಳೆದರೂ ಎಣ್ಣೆಯ ಗಿಂಡಿ ಬಚ್ಚಲಿನಿಂದ ಆಚೆ ಹೋಗಿಲ್ಲ.

ಹೊಗೆಯದೂ ಇದೇ ಕಥೆ. ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕೂಸನ್ನು ಆ ಹೊಗೆಗೆ ಹಿಡಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಲೋಬಾನ ಹಾಕುತ್ತಾರೆ. ಪರಿಮಳ ಹಿತವೆನಿಸಿದರೂ ಬಾವು ಬಂದ ಮೂಗಿಗೆ ಅದು ಹೊಗೆಯೇ. ಕಿಟಕಿ ಮುಚ್ಚಿದ ಕೋಣೆಯ ಕೆಂಡವಂತೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ; ತಾಯಿಗೂ ಅಪಾಯ, ಮಗುವಿಗೂ ಅಪಾಯ.

ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ಪದ್ಧತಿಯಲ್ಲಿ ಎರಡು ತೊಡಕುಗಳಿವೆ. ಜೇನಿನಲ್ಲಿ ಬೊಟುಲಿಸಂ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ವರ್ಷ ತುಂಬದ ಮಗುವಿನ ಕರುಳಲ್ಲಿ ಅವು ಮೊಳೆತು ಸ್ನಾಯುಗಳ ಬಲವನ್ನೇ ಕಸಿಯುವ ವಿಷ ಬಿಡಬಲ್ಲವು. ಬಜೆಯನ್ನು ಅಮೆರಿಕ 1968ರಲ್ಲೇ ಆಹಾರದಲ್ಲಿ ಬಳಸಬಾರದೆಂದು ನಿಷೇಧಿಸಿದೆ. ಅದರಲ್ಲಿರುವ ಬೀಟಾ-ಅಸರೋನ್ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಗೆಡ್ಡೆ ತಂದಿತ್ತು. ಕೆಂಡದಲ್ಲಿ ಬಾಡಿಸಿ ಹಿಂಡುವ ದೊಡ್ಡಪತ್ರೆಯ ರಸಕ್ಕೂ ಆರು ತಿಂಗಳು ತುಂಬುವವರೆಗೆ ಜಾಗವಿಲ್ಲ. ಅಲ್ಲಿಯವರೆಗೆ ಎದೆಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರ್ಪೂರ ಸೇರಿದ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಹಾಗೆಂದು ತಪ್ಪನ್ನೆಲ್ಲ ಅಜ್ಜಿಯ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಔಷಧಿ ಅಂಗಡಿ ಅದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡಿದೆ. ನೆಗಡಿ ತರುವುದು ವೈರಸ್. ಸಿರಪ್ ಅದನ್ನು ಓಡಿಸುವುದೂ ಇಲ್ಲ, ಏಳರಿಂದ ಹತ್ತು ದಿನದ ಅದರ ಅವಧಿಯನ್ನು ಕಡಿಮೆ ಮಾಡುವುದೂ ಇಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸಲು 2023ರಲ್ಲಿ ದೇಶದ ಔಷಧ ನಿಯಂತ್ರಕರು ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಲೂ ಬಾರದು, ಕೊಡಲೂ ಬಾರದು ಎಂದು ಸೂಚಿಸಿತು. ವಿಷ ಬೆರೆಯದ ಬಾಟಲಿಗೂ ಈ ಮಾತು ಅನ್ವಯಿಸುತ್ತದೆ.

ಗಿಂಡಿಯ ಎಣ್ಣೆ, ಬಾಟಲಿಯ ಸಿರಪ್ ಎರಡರ ಬೇರೂ ಒಂದೇ: ಅಳುವ ಕೂಸಿಗೆ ಏನಾದರೂ ಹಾಕಲೇಬೇಕೆಂಬ ತಳಮಳ. ಆ ತಳಮಳವನ್ನು ವೈದ್ಯರೂ ಸರಿಯಾಗಿ ಗಮನಿಸಿಲ್ಲ. ‘ವೈರಲ್, ತಾನೇ ಹೋಗುತ್ತೆ, ಏನೂ ಬೇಡ’ ಎಂಬ ಮಾತು ವೈದ್ಯಶಾಸ್ತ್ರದ ಪ್ರಕಾರ ಸರಿ. ಆದರೆ ರಾತ್ರಿ ಎರಡು ಗಂಟೆಗೆ ತಾಯಿಯ ಕೈಗೆ ಅದು ಯಾವ ಕೆಲಸವನ್ನೂ ಕೊಡುವುದಿಲ್ಲ. ಬೇಡವಾದ್ದನ್ನು ಹೇಳಿದವರು ಬೇಕಾದ್ದನ್ನೂ ಚೀಟಿಯಲ್ಲಿ ಬರೆದುಕೊಡಬೇಕು.

ಬರೆದುಕೊಡಲು ಇದೆ ಕೂಡ. ಔಷಧಿ ಅಂಗಡಿಯಲ್ಲಿ ಸಿಗುವ ಬರೀ ಉಪ್ಪುನೀರಿನ ಸಲೈನ್ ಹನಿಯೇ ಮೂಗಿನೊಳಗೆ ಹೋಗಬಹುದಾದ ವಸ್ತು. ಹಾಲು ಕುಡಿಸುವ ಸ್ವಲ್ಪ ಮೊದಲು ಕೂಸಿನ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಹೊಳ್ಳೆಗೊಂದೆರಡು ಹನಿ ಬಿಡಬೇಕು. ಕೂಸು ಸೀನುತ್ತದೆ, ಮುಖ ಸಿಂಡರಿಸಿ ಅಳುತ್ತದೆ. ಒಂದು ನಿಮಿಷದಲ್ಲಿ ಗಟ್ಟಿ ಸಿಂಬಳ ನೀರಾಗುತ್ತದೆ. ಹೊರಬಂದದ್ದನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು, ಇಲ್ಲವೆ ರಬ್ಬರ್ ಬಲ್ಬಿನಿಂದ ಮೆಲ್ಲಗೆ ಹೀರಬೇಕು. ಮನೆಯಲ್ಲೇ ಉಪ್ಪು ಕಲಸುವುದು ಬೇಡ, ಹದ ತಪ್ಪುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ತಂಡ ಆರು ವರ್ಷದವರೆಗಿನ ಮಕ್ಕಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂತು. ಸಾಮಾನ್ಯ ಸಲೈನ್‌ಗಿಂತ ಹೆಚ್ಚು ಉಪ್ಪಿದ್ದ ಹನಿ ಹಾಕಿಸಿಕೊಂಡ ಮಕ್ಕಳ ನೆಗಡಿ ಸರಾಸರಿ ಆರು ದಿನದಲ್ಲಿ ಇಳಿದಿತ್ತು, ಉಳಿದವರದ್ದು ಎಂಟು ದಿನ ಹಿಡಿದಿತ್ತು. ಸಿರಪ್ ಮಾಡಲಾಗದ್ದನ್ನು ಉಪ್ಪುನೀರು ಮಾಡಿತು.

ಚೀಟಿಯಲ್ಲಿ ಇನ್ನೊಂದು ಸಾಲೂ ಇರಬೇಕು: ಉಸಿರು ಎಣಿಸುವುದು. ಕೂಸು ಅಳದೆ ಶಾಂತವಾಗಿದ್ದಾಗ ಅಂಗಿ ಎತ್ತಿ, ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದವರೆಗೆ 50 ಅಥವಾ ಹೆಚ್ಚು ಬಂದರೆ ಬೆಳಗಾಗಲೆಂದು ಕಾಯಬಾರದು. ಪಕ್ಕೆ ಒಳಗೆಳೆಯುತ್ತಿದ್ದರೆ, ಕೂಸು ಹಾಲನ್ನೇ ಒಲ್ಲದಿದ್ದರೆ, ತುಟಿ ನೀಲಿಯಾದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆಯೇ ದಾರಿ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಈ ಎಣಿಕೆ ಗೊತ್ತು. ಬಾಣಂತಿ ಮನೆಗೆ ಬರುವಾಗ ಅವರ ಚೀಲದಲ್ಲಿ ಗಡಿಯಾರವೂ ಥರ್ಮಾಮೀಟರೂ ಇರುತ್ತವೆ. ಮುಂದಿನ ಭೇಟಿಯಲ್ಲಿ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸುವುದನ್ನು ಕಲಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಆಗ ಅದೇ ರಾತ್ರಿ ಎರಡು ಗಂಟೆ ಬೇರೆಯಾಗಿ ಕಂಡೀತು. ತಾಯಿ ಎರಡು ಹನಿ ಬಿಟ್ಟು, ಮೂಗೊರೆಸಿ, ಮೊಲೆಗೆ ಹಚ್ಚುತ್ತಾಳೆ. ಕೂಸು ಈ ಸಲ ಹತ್ತು ಗುಟುಕು ಎಳೆಯುತ್ತದೆ. ಅಪ್ಪ ಫೋನಿನಲ್ಲಿ ನಿಮಿಷ ನೋಡುತ್ತ ‘ನಲವತ್ತೆರಡು’ ಎನ್ನುತ್ತಾನೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ತಾ ಇಲ್ಲಿ, ನೀನು ಮಲಕ್ಕೋ’ ಎಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಡೆಯತೊಡಗುತ್ತಾರೆ.