ಕಿಲ್ನ್ ತೋರಿಸದ ಕ್ಲಾಸು

ಬೆಂಗಳೂರಿನಲ್ಲಿ ಈಗ ಭಾನುವಾರಕ್ಕೊಂದು ವರ್ಕ್‌ಶಾಪ್. ಮಣ್ಣಿನ ಕಪ್ ಆಯ್ತು, ಸಾವರ್‌ಡೋ ಬ್ರೆಡ್ ಆಯ್ತು, ಈ ಸಲ ಫ್ಯೂಸ್ಡ್ ಗ್ಲಾಸ್‌ಗೆ ಹೋದೆ. ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ, ಕಿಲ್ನ್ ಅನ್ನೋ ಕರೆಂಟಿನ ಕುಲುಮೆಯಲ್ಲಿಟ್ಟು ಒಂದಾಗಿ ಬೆಸೆಯುವ ಕಲೆ. ಹೊಸಬರಿಗೆ ಅಂತಲೇ ಎರಡು ಗಂಟೆಯ ಕ್ಲಾಸು.

ಗಾಜು ಕತ್ತರಿಸೋದನ್ನು ಚೆನ್ನಾಗಿಯೇ ಕಲಿಸಿದರು. ಕಟರ್‌ನಲ್ಲಿ ಒಂದೇ ಗೀರು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಹಪ್ಪಳ ಮುರಿದ ಹಾಗೆ. ಆ ಸದ್ದಿಗೇ ಅರ್ಧ ಫೀಸು ವಸೂಲಿ. ನನ್ನ ಜೇಬಿನಲ್ಲಿ ಅಜ್ಜಿಯ ಹಸಿರು ಬಳೆಯ ಮೂರು ಚೂರಿದ್ದವು. ನಾನು ಚಿಕ್ಕವಳಿದ್ದಾಗ ಬಳೆಚೂರನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ ಸರಪಳಿ ಮಾಡಿಕೊಡುತ್ತಿದ್ದಳು. ಈಗ ಅಜ್ಜಿ ಇಲ್ಲ. ‘ಇದನ್ನ ಮೇಲೆ ಇಡಬಹುದಾ?’ ಅಂದೆ. ‘ಇಡಿ ಇಡಿ, ಸೂಪರಾಗಿರುತ್ತೆ’ ಅಂದರು.

ವಾರದ ನಂತರ ಕೋಸ್ಟರ್ ಕೈಗೆ ಬಂತು. ನಿಜಕ್ಕೂ ಸೂಪರಾಗಿತ್ತು. ನಾಲ್ಕನೇ ರಾತ್ರಿ, ಯಾರೂ ಮುಟ್ಟದೆ, ಮೇಜಿನ ಮೇಲೆ ಟಿಕ್ ಅಂತು. ಸೀಳು ಬಳೆಚೂರಿನ ಸುತ್ತಲೇ.

ಗಾಜು ಕಾದಾಗ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಎಲ್ಲ ಗಾಜೂ ಒಂದೇ ಅಳತೆಯಲ್ಲಿ ಅಲ್ಲ. ಹೊಂದದ ಎರಡು ಗಾಜು ಬೆಸೆದುಕೊಂಡರೆ ತಣ್ಣಗಾಗುತ್ತಾ ಒಂದನ್ನೊಂದು ಎಳೆದಾಡುತ್ತವೆ. 1979ರಲ್ಲಿ ಜರ್ಮನಿಯ ಕಲಾವಿದ ಕ್ಲಾಸ್ ಮೋಯೆ ಅಮೆರಿಕದ ಬುಲ್ಸ್‌ಐ ಕಂಪನಿಯವರ ಹತ್ತಿರ ಕೇಳಿದ್ದೇ ಒಂದರ ಜೊತೆ ಒಂದು ಹೊಂದುವ ಬಣ್ಣದ ಗಾಜನ್ನು. ಇವತ್ತಿನ ಸ್ಟುಡಿಯೋಗಳಲ್ಲಿ ಗಾಜಿನ ಮೇಲೆ 90, 96 ಅಂತ ಹಿಗ್ಗುವಿಕೆಯ ಲೆಕ್ಕ ಬರೆದಿರುತ್ತೆ. ಬಳೆ ಮೇಲೆ ಯಾರು ಬರೀತಾರೆ?

ಇನ್ನು ಕಿಲ್ನ್. ಸುಮಾರು 800 ಡಿಗ್ರಿಯಲ್ಲಿ ಬೆಸೆಯೋದು ಕೆಲವೇ ನಿಮಿಷದ ಕೆಲಸ. ಆಮೇಲೆ 480ರ ಆಸುಪಾಸಿನಲ್ಲಿ ನಿಲ್ಲಿಸಿ, ಒಳಗಿನ ಬಿಗಿ ಸಡಿಲಾದ ಮೇಲೆ ಗಂಟೆಗಟ್ಟಲೆ ಮೆಲ್ಲಗೆ ಇಳಿಸಬೇಕು. ಹೊಂದದ ಗಾಜಿಗೆ ಈ ಆರೈಕೆಯೂ ತಾಗಲ್ಲ. ಇದನ್ನೆಲ್ಲ ಎರಡು ಗಂಟೆಯಲ್ಲಿ ಮಾಡಿ ತೋರಿಸೋಕಾಗಲ್ಲ, ಒಪ್ಪಿದೆ. ಆದರೆ ಉಷ್ಣತೆಯ ಗ್ರಾಫ್ ತೋರಿಸಲು ಐದು ನಿಮಿಷ ಸಾಕಿತ್ತು. ಅನುಮಾನದ ಚೂರನ್ನು ಪಾರದರ್ಶಕ ಗಾಜಿನ ಪಟ್ಟಿ ಮೇಲೆ ಬೆಸೆದು, ಎರಡು ಪೋಲರೈಸಿಂಗ್ ಹಾಳೆಗಳ ನಡುವೆ ಹಿಡಿದರೆ, ಎಳೆತ ಇದ್ದಲ್ಲಿ ಬೆಳಕಿನ ಬಳೆ ಕಾಣುತ್ತೆ. ಅಂಥದ್ದೊಂದು ಪಟ್ಟಿ ಗೋಡೆ ಮೇಲೆ ಇದ್ದಿದ್ದರೂ ನಾನು ಜೇಬಿಗೆ ಕೈ ಹಾಕುತ್ತಿರಲಿಲ್ಲ. ನಮಗೆ ಕಲಿಸಿದ್ದು ಬಣ್ಣ ಆರಿಸೋದನ್ನು. ದಿನವಿಡೀ ಸ್ಲೈಡ್ ಮಾಡುವ ನಮಗೆ ಅದು ಮೊದಲೇ ಬರುತ್ತಿತ್ತು!

ಡಬ್ಬಿಯಲ್ಲಿ ಅದೇ ಬಳೆಯ ಇನ್ನೆರಡು ಚೂರಿವೆ. ಕಿಲ್ನ್ ಮುಂದೆ ಕೂರಿಸಿ ಕಲಿಸುವವರು ಸಿಕ್ಕರೆ, ಅವೆರಡನ್ನೇ ಒಂದಕ್ಕೊಂದು ಬೆಸೆದು ನೋಡಬೇಕು.