ಪೇಟೆಯ ಪತ್ತು: ಸಣ್ಣ ಊರಿನ ಬಾಳು ಮತ್ತು ಸಾಹಿತ್ಯ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರು. ಅವುಗಳಲ್ಲಿ ನಗರವರ್ಣನೆಯೂ ಒಂದು. ಇದರ ಫಲವಾಗಿ ನಮ್ಮ ಪ್ರಾಚೀನ ಕವಿಗಳ ಪಟ್ಟಣಗಳಲ್ಲಿ ಮುಗಿಲು ಮುಟ್ಟುವ ಉಪ್ಪರಿಗೆಗಳಿಗೂ ರತ್ನರಾಶಿಯ ಅಂಗಡಿಗಳಿಗೂ ಕೊರತೆಯಿಲ್ಲ. ಆದರೆ ಆ ಅಂಗಡಿಯಲ್ಲಿ ಉದ್ರಿ ಒಯ್ದವನು ಮರುವಾರ ಯಾವ ಮುಖ ಹೊತ್ತು ಬಂದನು, ಅಂಗಡಿಕಾರನು ಅವನನ್ನು ಏನೆಂದು ಮಾತನಾಡಿಸಿದನು ಎಂಬುದನ್ನು ಹೇಳಿದವರು ವಿರಳ. ರಾಜಧಾನಿಯೂ ಅಲ್ಲದ, ಹಳ್ಳಿಯೂ ಅಲ್ಲದ, ಸುತ್ತಲ ಹತ್ತಾರು ಹಳ್ಳಿಗಳು ಬಂದು ಕೂಡುವ ಪೇಟೆಯ ಊರಿಗೆ ಸಾಹಿತ್ಯದಲ್ಲಿ ಸಲ್ಲಬೇಕಾದ ಸ್ಥಾನವು ಸಂದಿದೆಯೆ ಎಂಬುದೇ ಈ ಲೇಖನದ ವಿಷಯ.

ನಮ್ಮ ಸೀಮೆಯ ಪೇಟೆಗಳಲ್ಲಿ ‘ಪತ್ತು’ ಎಂಬ ಮಾತೊಂದುಂಟು. ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿಯೂ ಒಬ್ಬನ ಮಾತಿಗೆ ಊರು ಕೊಡುವ ಬೆಲೆಯೇ ಪತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಇಂದು ಊರೂರಿನ ಹಲಗೆಗಳ ಮೇಲೆ ‘ಪತ್ತಿನ ಸಹಕಾರಿ ಸಂಘ’ ಎಂಬ ಹೆಸರನ್ನು ವಾಚಕರು ನಿತ್ಯವೂ ಕಾಣುತ್ತಿರುವರು. ಸಣ್ಣ ಪೇಟೆಯ ಬಾಳಿನ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಅಂಥ ಊರನ್ನು ಕುರಿತ ಗ್ರಂಥದ ಯೋಗ್ಯತೆಯನ್ನು ಈ ಮಾತಿನಿಂದಲೇ ಅಳೆಯಬೇಕು ಎಂಬುದು ನಮ್ಮ ಪಕ್ಷ.

ಈ ಅಳತೆಗೋಲಿಗೆ ಬೆಳಗಾವಿಯಲ್ಲಿಯೇ ಹಳೆಯ ಆಧಾರವಿದೆ. 1204ರ ಸುಮಾರಿಗೆ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ವೇಣುಗ್ರಾಮವೆನಿಸಿದ್ದ ಈ ಊರಿನಲ್ಲಿ ರಟ್ಟಜಿನಾಲಯವು ಎದ್ದಿತು. ಅದಕ್ಕೆ ಸಂಬಂಧಿಸಿದ ಶಾಸನದಲ್ಲಿ ಅರಸನ ಕೀರ್ತಿಯನ್ನು ಹೇಳುವ ಭಾಗವು ಅಂಥ ಶಾಸನಗಳಂತೆಯೇ ಇರುವುದು. ರಸವಿರುವುದು ಅನಂತರದ ಭಾಗದಲ್ಲಿ. ಊರಿನ ವರ್ತಕರೂ ಲಾಳ, ಮಲೆಯಾಳಗಳಿಂದ ಬಂದು ನೆಲೆಸಿದ ವ್ಯಾಪಾರಿಗಳೂ ಒಂದೆಡೆ ನೆರೆದು, ತಮ್ಮ ತಮ್ಮ ಸರಕಿನ ಮೇಲೆ ತಾವೇ ಆಯವನ್ನು ಕಟ್ಟಿಕೊಂಡು ದೇವಾಲಯಕ್ಕೆ ಒಪ್ಪಿಸಿದರು. ಬೇರೆ ಬೇರೆ ದೇಶದವರು ಒಂದು ಪೇಟೆಯಲ್ಲಿ ಕುಳಿತು ಒಂದು ಮಾತಿಗೆ ಬದ್ಧರಾದುದೇ ಅಲ್ಲಿಯ ವಿಷಯ. ಶಾಸನಕವಿಯು ಅಲಂಕಾರಗಳನ್ನೆಲ್ಲ ಅರಸನ ಪಾಲಿಗೆ ವಿನಿಯೋಗಿಸಿ ಪೇಟೆಯನ್ನು ಪಟ್ಟಿಯಾಗಿ ಬಿಟ್ಟನು. ಆ ಪಟ್ಟಿಯಲ್ಲಿಯೇ ಊರು ಜೀವಂತವಾಗಿರುವುದನ್ನು ಸಹೃದಯರು ಗಮನಿಸಬೇಕು.

ಪೇಟೆಯ ಬಾಳನ್ನು ಪಟ್ಟಿಯಿಂದ ಕಥೆಯಾಗಿ ಏರಿಸಿದವನು ಶೂದ್ರಕ. ಪಾಠಶಾಲೆಯಲ್ಲಿ ‘ಮೃಚ್ಛಕಟಿಕ’ವನ್ನು ಓದುವಾಗ ವೃತ್ತಗಳ ಲಕ್ಷಣವನ್ನೂ ಪ್ರಾಕೃತದ ಭೇದಗಳನ್ನೂ ನಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದರು, ಉಜ್ಜಯಿನಿಯ ವಣಿಗ್ವೀಥಿಯನ್ನು ಕುರಿತು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಆ ಪ್ರಕರಣದ ಹೃದಯವು ಒಂದು ನ್ಯಾಸದ ಕಥೆ. ವಸಂತಸೇನೆಯು ಇಟ್ಟುಹೋದ ಆಭರಣಗಳು ಚಾರುದತ್ತನ ಮನೆಯಿಂದ ಕಳುವಾಗುವುವು. ಕಳುವಾದುದಕ್ಕಿಂತಲೂ ಅವನನ್ನು ಸುಡುವುದು ಬೇರೊಂದು ಚಿಂತೆ: ಕಳುವಾಯಿತೆಂದರೆ ಬಡವನ ಮಾತನ್ನು ನಂಬುವವರಾರು? ಸಂಪತ್ತಿನೊಡನೆ ಪತ್ತೂ ಹೋಗುವುದೆಂಬ ಪೇಟೆಯ ಕ್ರೂರ ನಿಯಮವನ್ನು ಶೂದ್ರಕನು ಇಲ್ಲಿ ಹಿಡಿದಿರುವನು. ಆಗ ಪತ್ನಿಯಾದ ಧೂತೆಯು ಪತಿಯ ಮಾತನ್ನು ಉಳಿಸಲು ತನ್ನ ರತ್ನಾವಳಿಯನ್ನು ಕೊಟ್ಟುಬಿಡುವಳು. ಮುಂದೆ ಅಧಿಕರಣದಲ್ಲಿ ಶ್ರೇಷ್ಠಿಯೂ ಕಾಯಸ್ಥನೂ ನ್ಯಾಯಾಧಿಕಾರಿಯ ಪಕ್ಕದಲ್ಲಿ ಕುಳಿತಿದ್ದರೂ ಚಾರುದತ್ತನು ಉಳಿಯಲಿಲ್ಲ; ಅವನನ್ನು ವಧಸ್ಥಾನಕ್ಕೆ ಒಯ್ಯುವ ಚಾಂಡಾಲರಲ್ಲಿ ಕಂಡ ಕನಿಕರವು ಸಭೆಯಲ್ಲಿ ಕಾಣಲಿಲ್ಲ. ಊರು ತನ್ನ ಸತ್ಪುರುಷನನ್ನು ಕೈಬಿಟ್ಟುದೇ ಈ ಪ್ರಕರಣದ ಕರುಣ.

ಇದರ ಮುಂದೆ ಇಂಗ್ಲೆಂಡಿನ ಒಂದು ಸಣ್ಣ ಗ್ರಂಥವನ್ನಿಟ್ಟು ನೋಡುವುದು ಲಾಭಕರ. ಶ್ರೀಮತಿ ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1851ರಿಂದ ಬಿಡಿಬಿಡಿಯಾಗಿ ಬಂದು, 1853ರಲ್ಲಿ ಪುಸ್ತಕವಾಯಿತು. ಲೇಖಕಿಯು ಬೆಳೆದ ಚೆಷೈರ್ ಸೀಮೆಯ ನಟ್ಸ್‌ಫರ್ಡ್ ಎಂಬ ಪೇಟೆಯ ಊರೇ ಅದರ ಮೂಲ. ಯುದ್ಧವಿಲ್ಲ, ವೀರನಿಲ್ಲ, ಕೆಲವು ಮುದುಕಿಯರು, ಚಹದ ಕೂಟಗಳು, ಬಡತನವನ್ನು ಮುಚ್ಚಿಕೊಳ್ಳುವ ಉಪಾಯಗಳು, ಇಷ್ಟೇ ಅಲ್ಲಿಯ ಸಾಮಗ್ರಿ. ಮ್ಯಾಟಿ ಎಂಬ ಕುಮಾರಿಯು ಎರಡು ಮೇಣದ ಬತ್ತಿಗಳಲ್ಲಿ ಒಂದನ್ನೇ ಉರಿಸುವಳು. ಯಾರಾದರೂ ಬಂದರೆ ಎರಡೂ ಸಮವಾಗಿ ಕಾಣುವಂತೆ ಅವುಗಳನ್ನು ಸರದಿಯ ಮೇಲೆ ಉರಿಸುವಳು. ಇಷ್ಟರಿಂದಲೇ ಒಂದು ಊರಿನ ಮಾನಾಭಿಮಾನವು ಕಣ್ಣಿಗೆ ಕಟ್ಟುವುದು.

ಆ ಗ್ರಂಥದಲ್ಲಿಯೂ ಕಥೆಯ ಗಂಟು ಪತ್ತಿನದೇ. ಮ್ಯಾಟಿಯ ಹಣವಿದ್ದ ಬ್ಯಾಂಕು ದಿವಾಳಿಯೆದ್ದ ಸುದ್ದಿ ಹಬ್ಬುತ್ತಿರುವಾಗ, ಅಂಗಡಿಯಲ್ಲಿ ಒಬ್ಬ ರೈತನ ಐದು ಪೌಂಡಿನ ನೋಟನ್ನು ಅಂಗಡಿಕಾರನು ತೆಗೆದುಕೊಳ್ಳಲೊಲ್ಲನು. ಆಕೆಯು ಆ ಬ್ಯಾಂಕಿನ ಪಾಲುಗಾರಳು. ತಾನು ಪಾಲುಗಾರಳಾದ ಬ್ಯಾಂಕಿನ ಮಾತು ಸುಳ್ಳಾಗಬಾರದೆಂದು, ತನ್ನ ಕೈಯಲ್ಲಿದ್ದ ಐದು ಚಿನ್ನದ ನಾಣ್ಯಗಳನ್ನು ಕೊಟ್ಟು ಆ ಬೆಲೆಗೆಟ್ಟ ಕಾಗದವನ್ನು ತೆಗೆದುಕೊಳ್ಳುವಳು. ಧೂತೆಯ ರತ್ನಾವಳಿಯೂ ಈ ಐದು ನಾಣ್ಯಗಳೂ ಒಂದೇ ಜಾತಿಯವು: ಯಾವ ಧರ್ಮಾಸನವೂ ಕೇಳದಿದ್ದ ಋಣವನ್ನು ಇಬ್ಬರೂ ತಾವಾಗಿಯೇ ತೀರಿಸಿದರು.

ಭೇದವಿರುವುದು ಊರಿನ ನಡತೆಯಲ್ಲಿ. ಮ್ಯಾಟಿಯ ಗೆಳತಿಯರು ಗುಟ್ಟಾಗಿ ಸೇರಿ, ತಮ್ಮ ತಮ್ಮ ಶಕ್ತಿಯ ಮೊತ್ತವನ್ನು ಚೀಟಿಗಳಲ್ಲಿ ಬರೆದು ಮುಚ್ಚಿ ಕೊಡುವರು. ಕೊಟ್ಟುದು ಆಕೆಗೂ ತಿಳಿಯಬಾರದು, ಒಬ್ಬರದು ಇನ್ನೊಬ್ಬರಿಗೂ ತಿಳಿಯಬಾರದು. ಚಹದ ಮಾರಾಟಕ್ಕೆ ತೊಡಗುವ ಮೊದಲು ಆಕೆಯು ಆ ಅಂಗಡಿಕಾರನ ಬಳಿಗೆ ಹೋಗಿ, ಇದರಿಂದ ನಿನ್ನ ವ್ಯಾಪಾರಕ್ಕೆ ಧಕ್ಕೆಯಾದೀತೆ ಎಂದು ಕೇಳುವಳು. ಅವನೋ ತನ್ನ ಗಿರಾಕಿಗಳನ್ನೇ ಆಕೆಯ ಕಡೆಗೆ ಕಳುಹಿಸುವನು. ವ್ಯವಹಾರಶಾಸ್ತ್ರದ ಪಂಡಿತರು ನಗಬಹುದು. ಆದರೆ ಪೇಟೆಯು ಸರಕು ಕೈಬದಲಾಗುವ ಜಾಗ ಮಾತ್ರವಲ್ಲ, ಒಬ್ಬರ ಮಾನವನ್ನು ಇನ್ನೊಬ್ಬರು ಕಾಯುವ ಜಾಗವೂ ಅಹುದು ಎಂಬುದನ್ನು ಇಷ್ಟು ಸೌಮ್ಯವಾದ ಹಾಸ್ಯದಲ್ಲಿ ಹೇಳಿದ ಗ್ರಂಥಗಳು ಹೆಚ್ಚಿಲ್ಲ. ದೋಷವೂ ಉಂಟು. ಆ ಊರಿನ ಬಡಜನರು ಸೇವಕರಾಗಿಯೇ ಹೆಚ್ಚಾಗಿ ಕಾಣುವರು; ಕೊನೆಗೆ ಹಿಂದೂಸ್ಥಾನದಿಂದ ಅಣ್ಣನನ್ನು ಕರೆತಂದು ಕಷ್ಟವನ್ನೆಲ್ಲ ನೀಗಿಸಿದುದು ತುಸು ಸುಲಭವಾದ ಉಪಾಯವೇ ಸರಿ.

ಇನ್ನು ನಮ್ಮ ಕನ್ನಡದ ಕಡೆಗೆ ತಿರುಗೋಣ. ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ (1957) ಪಾದಳ್ಳಿ ಎಂಬ ಊರೇ ನಾಯಕ. ಉತ್ತರ ಕರ್ನಾಟಕದ ಆಡುಮಾತಿನ ಕಸುವೂ ಕಕ್ಷೆಪ್ರತಿಕಕ್ಷೆಗಳ ಕಿಚ್ಚೂ ಅದರಲ್ಲಿ ಪೂರ್ಣವಾಗಿ ಒಡಮೂಡಿವೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದ (1985) ಕೆಸರೂರು ಏಲಕ್ಕಿಯ ಸೀಮೆಯ ಸಣ್ಣ ಊರು, ಗಾಳಿಮಾತೂ ಸಂಶಯವೂ ಜನರನ್ನು ಬೇರೆ ಬೇರೆ ಮಾಡುತ್ತ ಬಂದು ಕೊನೆಗೆ ಬೆಂಕಿಯೇ ಎಲ್ಲವನ್ನೂ ನುಂಗುವುದು. ಎರಡೂ ಶ್ರೇಷ್ಠ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡರ ಶಕ್ತಿಯೂ ಊರು ಒಡೆಯುವುದನ್ನು ತೋರಿಸುವುದರಲ್ಲಿದೆ. ಒಡೆಯುವ ಮೊದಲು ಅದು ಯಾವ ಅಂಟಿನಿಂದ ಕೂಡಿಕೊಂಡಿತ್ತು ಎಂಬ ಪ್ರಶ್ನೆಗೆ ಅಷ್ಟೇ ವಿಸ್ತಾರವಾದ ಉತ್ತರವನ್ನು ವಾಚಕನು ಬಯಸುವನು. ಅಂಟನ್ನು ಕಾಣದೆ ಬಿರುಕಿನ ದುಃಖವು ಪೂರ್ಣವಾಗದು.

ಈ ಮಾತು ನಮ್ಮ ಖಾನಾಪುರಕ್ಕೆ ಎಷ್ಟು ಅನ್ವಯಿಸುವುದೆಂಬುದನ್ನು ನೋಡಿರಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಈ ಊರನ್ನು ಮುಟ್ಟಿ ಹರಿಯುವಳು. ಬೆಳಗಾವಿ–ಲೋಂಡಾ ರೈಲುಹಾದಿ ಇಲ್ಲಿ ಹಾಯುವುದು. ಇಲ್ಲಿಯ ಜೇಡಿಮಣ್ಣು ಗಡಿಗೆಯಾಗಿ, ಹಂಚಾಗಿ ಹೆಸರು ಪಡೆದಿದೆ. ತಾಲೂಕಿನ ಹಲಸಿಯು ಕದಂಬರ ಪಲಾಶಿಕೆ. ನಂದಗಡವು 1831ರಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ನೆಲ. ಒಂದೇ ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕೇಳಿಬರುವುವು. 1884ರಲ್ಲಿ ಕ್ಯಾಂಬೆಲ್ ಸಾಹೇಬರ ಸಂಪಾದಕತ್ವದಲ್ಲಿ ಬಂದ ಬೆಳಗಾವಿ ಗ್ಯಾಝೆಟಿಯರ್ ಈ ಸೀಮೆಯ ಜನಸಂಖ್ಯೆಯನ್ನೂ ವ್ಯಾಪಾರವನ್ನೂ ಎಣಿಸಿತು. 1956ರ ರಾಜ್ಯ ಪುನರ್ವಿಂಗಡಣೆಯ ಅನಂತರ, ವಿಶೇಷವಾಗಿ 1967ರ ಮಹಾಜನ ವರದಿಯ ತರುವಾಯ, ಈ ಊರು ಬರೆಹಕ್ಕೆ ಬಂದುದೆಲ್ಲ ಬಹುಮಟ್ಟಿಗೆ ಗಡಿಯ ವಾದವಾಗಿಯೇ ಬಂದಿತು. ವಾದವು ಬೇಡವೆನ್ನುವುದಿಲ್ಲ, ಕನ್ನಡದ ಹಕ್ಕನ್ನು ನಾವು ಬಿಟ್ಟುಕೊಡುವವರೂ ಅಲ್ಲ. ಆದರೆ ಎಣಿಕೆಯೂ ವಾದವೂ ಕೂಡಿ ಒಂದು ಊರಾಗುವುದಿಲ್ಲ. ಮರಾಠಿ ಮಾತಿನ ಅಂಗಡಿಕಾರನು ಕನ್ನಡ ಮಾತಿನ ರೈತನಿಗೆ ಬಿತ್ತನೆಯ ಕಾಲದಲ್ಲಿ ಯಾವ ನಂಬಿಕೆಯ ಮೇಲೆ ಉದ್ರಿ ಕೊಡುವನು, ಪತ್ತಿನ ಸಂಘವೊಂದು ಬಾಗಿಲು ಹಾಕಿದರೆ ಯಾರ ಮಾನವನ್ನು ಯಾರು ಕಾಯುವರು, ಪಂಚಾಯತಿಯ ಚುನಾವಣೆಯಲ್ಲಿ ಎದುರಾಳಿಗಳಾದವರು ಸಾವಿನ ಮನೆಯ ಮುಂದೆ ಹೇಗೆ ಒಂದೇ ಕಟ್ಟೆಯ ಮೇಲೆ ಕೂಡುವರು, ಇವನ್ನು ಬರೆದಾಗಲೇ ಖಾನಾಪುರವು ಸಾಹಿತ್ಯದಲ್ಲಿ ಹುಟ್ಟುವುದು.

ಸಾಮಗ್ರಿಯಿಲ್ಲವೆಂದು ಯಾರೂ ಹೇಳಲಾಗದು. ನಾವು ವಾಸಿಸುವ ಶಿವಬಸವ ನಗರಕ್ಕೆ ಹೆಸರನ್ನಿತ್ತ ನಾಗನೂರು ಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದರು. ಅಂಥ ನಿಲಯಗಳು ನಡೆದುದು ಭಕ್ತರು ಕೊಟ್ಟ ಕಾಳುಕಡಿಯಿಂದ. ಕೊಟ್ಟವರಲ್ಲಿ ಎಷ್ಟೋ ಜನರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಕ್ರ್ಯಾನ್‌ಫರ್ಡಿನ ಮುಚ್ಚಿದ ಚೀಟಿಗಳಿಗೆ ನಮ್ಮಲ್ಲಿಯ ಸಮಾನವಸ್ತು ಇದಲ್ಲವೆ?

ಆದುದರಿಂದ ತರುಣ ಲೇಖಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಪೇಟೆಯನ್ನು ಬರೆಯುವವನು ಅದನ್ನು ಮುದ್ದಿಸಬಾರದು. ಶೂದ್ರಕನಂತೆ ಅದರ ಕ್ರೌರ್ಯವನ್ನು ಕಾಣಬೇಕು. ಹೀಗಳೆಯಲೂಬಾರದು, ಗ್ಯಾಸ್ಕೆಲ್ ಅವರಂತೆ ಅದರ ಗುಟ್ಟಿನ ದಾನವನ್ನು ಕಾಣಬೇಕು. ಪಾತ್ರಗಳ ನುಡಿಯಲ್ಲಿ ನಾಲ್ಕು ಭಾಷೆಗಳ ಬಿಸಿಯಿರಲಿ. ಪ್ರಾಕೃತಗಳನ್ನು ಬಿಟ್ಟರೆ ಮೃಚ್ಛಕಟಿಕವೇ ಇಲ್ಲ. ಗ್ಯಾಝೆಟಿಯರಿನಲ್ಲಿ ನಮ್ಮ ಊರಿಗೆ ಲೆಕ್ಕವಿದೆ, ವರದಿಗಳಲ್ಲಿ ಎಲ್ಲೆಯಿದೆ. ಅದರ ಪತ್ತನ್ನು ಬರೆದಿಡುವ ಕೆಲಸವು ಸಾಹಿತಿಗಲ್ಲದೆ ಬೇರೊಬ್ಬರಿಗೆ ಸಾಧ್ಯವಾಗದು.