‘ಬಹುದು’ ಎಂಬಲ್ಲಿ ನಿಂತ ತೀರ್ಪು

ರಾಜ್ಯ ಸರ್ಕಾರವೊಂದು ರಾಜಭವನದ ಮರ್ಜಿಗೆ ಬಲಿಯಾಗುವ ಸೂಚನೆ ಕಂಡಾಗಲೆಲ್ಲ ನಮ್ಮ ವಕೀಲರೂ ಅಂಕಣಕಾರರೂ ಎಸ್.ಆರ್. ಬೊಮ್ಮಾಯಿ ಪ್ರಕರಣದ ಹೆಸರು ಹೇಳುತ್ತಾರೆ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ಆ ತೀರ್ಪಿನ ಸಾರಾಂಶವನ್ನು ಮತ್ತೆ ಒಪ್ಪಿಸಬೇಕಿಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆ ನ್ಯಾಯಾಂಗದ ಪರಿಶೀಲನೆಗೆ ಒಳಪಡುತ್ತದೆ, ಬಹುಮತದ ನಿರ್ಣಯ ಆಗಬೇಕಾದದ್ದು ಸದನದಲ್ಲಿ ಎಂಬೆರಡು ಮಾತು ಈಗ ಪಠ್ಯಪುಸ್ತಕಕ್ಕೂ ಇಳಿದಿವೆ. ಅವು ದೊಡ್ಡ ಮಾತುಗಳೇ. ಆದರೆ ಕಾರ್ಯಾಂಗದ ಅಧಿಕಾರಕ್ಕೆ ಕಡಿವಾಣ ಎಂದು ಈ ತೀರ್ಪಿಗೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ಹೆಚ್ಚಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಯಾವುದೆಂದು ಅದು ನಿಚ್ಚಳವಾಗಿ ಹೇಳಿತು. ತಪ್ಪು ನಡೆದಾಗ ಎಷ್ಟು ದಿನದೊಳಗೆ ಏನು ಮಾಡಲೇಬೇಕು ಎಂದು ಹೇಳಲಿಲ್ಲ.

ಪ್ರಕರಣದ ದಿನಾಂಕಗಳನ್ನೇ ನೋಡಿ. 1989ರ ಏಪ್ರಿಲ್‌ನಲ್ಲಿ ಶಾಸಕ ಕಲ್ಯಾಣರಾವ್ ಮೊಳಕೇರಿ, ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿ ಅವರ ಸರ್ಕಾರಕ್ಕಿದ್ದ 19 ಮಂದಿಯ ಬೆಂಬಲ ವಾಪಸಾತಿ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಏಪ್ರಿಲ್ 19ರಂದು ದೆಹಲಿಗೆ ವರದಿ ಹೋಯಿತು. ಮರುದಿನವೇ ಆ 19 ಮಂದಿಯಲ್ಲಿ ಏಳು ಜನ, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ತಾವು ಬೊಮ್ಮಾಯಿ ಅವರ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅಧಿವೇಶನವನ್ನು ಮುಂಚಿತವಾಗಿ ಕರೆದಾದರೂ ಬಹುಮತ ತೋರಿಸುವೆನೆಂದು ಮುಖ್ಯಮಂತ್ರಿ ಹೇಳಿದ್ದರು. ಆದರೂ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಅದೇ ವರ್ಷ ಚುನಾವಣೆ ಮುಗಿದು ವೀರೇಂದ್ರ ಪಾಟೀಲರ ಸರ್ಕಾರ ಬಂತು. ಹೈಕೋರ್ಟ್ ಬೊಮ್ಮಾಯಿ ಅವರ ಅರ್ಜಿಯನ್ನು ತಳ್ಳಿಹಾಕಿತ್ತು. ವಜಾ ಸಂವಿಧಾನಬಾಹಿರವಾಗಿತ್ತು ಎಂಬ ಮಾತು ಸುಪ್ರೀಂ ಕೋರ್ಟಿನಿಂದ ಹೊರಟಾಗ ನಾಲ್ಕು ವರ್ಷ ಹತ್ತು ತಿಂಗಳು ಕಳೆದಿತ್ತು. ಗೆದ್ದ ಅರ್ಜಿದಾರರಿಗೆ ಕೊಡಲು ನ್ಯಾಯಾಲಯದ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಹೀಗೆ ಮತ್ತೆ ಆಗದಿರಲೆಂದೇ ತೀರ್ಪು ಪರಿಹಾರದ ಬಗ್ಗೆ ಮಾತಾಡುತ್ತದೆ, ಮತ್ತು ನಾವು ತಡೆದು ಓದಬೇಕಾದ ಭಾಗ ಅದೇ. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಇದು ಗಟ್ಟಿ ನಿಯಮ. ಆದರೆ ಮುಂದಿನ ಎರಡು ಮೆಟ್ಟಿಲುಗಳ ಧಾಟಿಯೇ ಬೇರೆ. ಘೋಷಣೆ ಅಸಿಂಧುವಾದರೆ ವಜಾಗೊಂಡ ಸರ್ಕಾರವನ್ನೂ ಸದನವನ್ನೂ ನ್ಯಾಯಾಲಯ ಮರಳಿ ತರಬಹುದು. ಅರ್ಜಿ ಇತ್ಯರ್ಥವಾಗುವ ತನಕ ಹೊಸ ಚುನಾವಣೆಗೆ ಮಧ್ಯಂತರ ತಡೆ ಕೊಡಬಹುದು. ನಮ್ಮ ಕಾನೂನಿನ ಕನ್ನಡದಲ್ಲಿ ‘ಬಹುದು’ ಮತ್ತು ‘ತಕ್ಕದ್ದು’ ಎರಡು ಬೇರೆ ಲೋಕಗಳು. ‘ತಕ್ಕದ್ದು’ ಎಂದಲ್ಲಿ ಅಧಿಕಾರಿಗೆ ಬೇರೆ ದಾರಿಯಿಲ್ಲ, ‘ಬಹುದು’ ಎಂದಲ್ಲಿ ಅವನ ವಿವೇಚನೆಯೇ ಕೊನೆ. ಬೊಮ್ಮಾಯಿ ತೀರ್ಪು ರಾಜ್ಯಪಾಲರ ಮತ್ತು ಕೇಂದ್ರದ ವಿವೇಚನೆಗೆ ಬೇಲಿ ಹಾಕಿತು, ತನ್ನದೇ ವಿವೇಚನೆಯನ್ನು ಬಯಲಿಗೆ ಬಿಟ್ಟಿತು. ಒಂಬತ್ತು ಮಂದಿ ಆರು ಪ್ರತ್ಯೇಕ ತೀರ್ಪುಗಳನ್ನು ಬರೆದರು ಎಂಬುದನ್ನೂ ಮರೆಯಬಾರದು. ನಾವು ‘ಬೊಮ್ಮಾಯಿ ತೀರ್ಪು’ ಎನ್ನುವುದು ಆ ಆರರೊಳಗಿನ ಒಮ್ಮತವನ್ನು ಎಣಿಸಿ ತೆಗೆದ ಫಲ.

ತೀರ್ಪಿನ ಅಭಿಮಾನಿಗಳು ಅಂಕಿಗಳನ್ನು ಮುಂದಿಡುತ್ತಾರೆ: 1994ರ ನಂತರ ರಾಷ್ಟ್ರಪತಿ ಆಳ್ವಿಕೆಗಳು ಇಳಿದಿಲ್ಲವೇ? ಇಳಿದಿವೆ. ಆದರೆ ಅದರ ಶ್ರೇಯಸ್ಸನ್ನೆಲ್ಲ ನ್ಯಾಯಾಲಯಕ್ಕೆ ಬರೆಯುವುದು ಇತಿಹಾಸವನ್ನು ಅರ್ಧಕ್ಕೆ ಓದಿದಂತೆ. ಅದು ಪ್ರಾದೇಶಿಕ ಪಕ್ಷಗಳ ಹೆಗಲ ಮೇಲೆ ಕೇಂದ್ರ ಸರ್ಕಾರಗಳು ನಿಂತಿದ್ದ ಕಾಲ. 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಶಿಫಾರಸನ್ನು ಸಚಿವ ಸಂಪುಟಕ್ಕೆ ಹಿಂದಿರುಗಿಸಿದವರು ರಾಷ್ಟ್ರಪತಿ ಕೆ.ಆರ್. ನಾರಾಯಣನ್. 1999ರ ಫೆಬ್ರುವರಿಯಲ್ಲಿ ಬಿಹಾರದ ಮೇಲೆ ಹೇರಿದ ಆಳ್ವಿಕೆ ಮಾರ್ಚ್‌ನಲ್ಲೇ ತೆರವಾಗಿ ರಾಬ್ಡಿ ದೇವಿ ಮರಳಿದ್ದು, ವಾಜಪೇಯಿ ಸರ್ಕಾರಕ್ಕೆ ರಾಜ್ಯಸಭೆಯಲ್ಲಿ ಬಹುಮತ ಇರಲಿಲ್ಲವೆಂಬ ಕಾರಣಕ್ಕೆ. ನಾರಾಯಣನ್ ಅವರ ಬೆನ್ನಿಗೆ ಬೊಮ್ಮಾಯಿ ತೀರ್ಪಿನ ನೈತಿಕ ಬಲ ಇತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ರಾಜ್ಯಸಭೆಯ ಸಂಖ್ಯಾಬಲ ಯಾವ ತೀರ್ಪಿನ ಫಲವೂ ಅಲ್ಲ. ಒಂದೇ ಪಕ್ಷ ಎರಡೂ ಸದನಗಳಲ್ಲಿ ಬಲವಾಗಿ ಕೂತ ದಿನ ಆ ಬೇಲಿ ತಾನಾಗಿ ಬೀಳುತ್ತದೆ. ಆಗ ಉಳಿಯುವುದು ನ್ಯಾಯಾಲಯದ ‘ಬಹುದು’ ಮಾತ್ರ.

ಅದರ ಬೆಲೆ ಎಷ್ಟೆಂದು 2005ರ ಬಿಹಾರ ತೋರಿಸಿತು. ಒಮ್ಮೆಯೂ ಸೇರದ ವಿಧಾನಸಭೆಯನ್ನು ಮೇ 23ರಂದು ವಿಸರ್ಜಿಸಲಾಯಿತು. ಅದು ಸಂವಿಧಾನಬಾಹಿರವೆಂದು ಅಕ್ಟೋಬರ್ 7ರಂದು ಸಾರಿದ ಸುಪ್ರೀಂ ಕೋರ್ಟ್, ಅದೇ ಆದೇಶದಲ್ಲಿ ಹಳೆಯ ಸಭೆಯನ್ನು ಮರಳಿಸಲು ನಿರಾಕರಿಸಿ ಚುನಾವಣೆ ಮುಂದುವರಿಯಲು ಬಿಟ್ಟಿತು. 2016ರಲ್ಲಿ ಅರುಣಾಚಲದ ನಬಮ್ ತುಕಿ ಸರ್ಕಾರವನ್ನು ಅದು ಮರಳಿ ಕೂರಿಸಿತು, ನಿಜ. ಆದರೆ ಆ ಆದೇಶ ಬರುವ ಹೊತ್ತಿಗೆ ಶಾಸಕರು ಚದುರಿಹೋಗಿದ್ದರು, ತುಕಿ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಫಲ ಸಿಕ್ಕ ಕಡೆಗಳಲ್ಲೆಲ್ಲ ವೇಗವಿತ್ತು. 1998ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ವಜಾ ಆದ ಎರಡೇ ದಿನಕ್ಕೆ ಅಲಹಾಬಾದ್ ಹೈಕೋರ್ಟ್ ಆದೇಶ ಬಂತು, 26ರಂದು ಸದನದಲ್ಲಿ ಮತದಾನವೂ ಮುಗಿಯಿತು. 2018ರ ಮೇನಲ್ಲಿ ಬಹುಮತ ಸಾಬೀತಿಗೆ ನಮ್ಮ ರಾಜ್ಯಪಾಲರು ಯಡಿಯೂರಪ್ಪನವರಿಗೆ ಕೊಟ್ಟಿದ್ದ 15 ದಿನಗಳನ್ನು ನ್ಯಾಯಾಲಯ ಮೊಟಕುಗೊಳಿಸಿ ಮೇ 19ಕ್ಕೆ ತಂದಿತು.

ಚುನಾವಣೆಗೆ ತಡೆ ಕೊಟ್ಟರೆ ಕೇಂದ್ರದ ಆಳ್ವಿಕೆಯೇ ಲಂಬಿಸುತ್ತದೆ, ಜನತೆಗಿಂತ ದೊಡ್ಡ ನ್ಯಾಯಪೀಠ ಯಾವುದು ಎಂಬ ಆಕ್ಷೇಪ ಗಂಭೀರವಾದದ್ದೇ. ಆದರೆ ತಡೆ ಲಂಬಿಸುವುದು ವಿಚಾರಣೆ ಲಂಬಿಸಿದರೆ ಮಾತ್ರ. ಇನ್ನು ಮತದಾರ ಮುಂದೆ ಯಾರು ಆಳಬೇಕೆಂದು ಹೇಳಬಲ್ಲ. ನಿನ್ನೆ ಆಳುತ್ತಿದ್ದವರನ್ನು ಕಾನೂನು ಮುರಿದು ಇಳಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಮತಪೆಟ್ಟಿಗೆಯಲ್ಲಿ ಯಾರೂ ಇಡುವುದಿಲ್ಲ. 356ನೇ ವಿಧಿಯಡಿಯ ಘೋಷಣೆ ಸಂಸತ್ತಿನ ಒಪ್ಪಿಗೆಯಿಲ್ಲದೆ ಬದುಕುವುದು ಎರಡು ತಿಂಗಳು ಮಾತ್ರ. ಅದನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯೂ ಆ ಎರಡು ತಿಂಗಳೊಳಗೆ ಮುಗಿಯತಕ್ಕದ್ದು, ಅಲ್ಲಿಯವರೆಗೆ ಚುನಾವಣೆ ನಡೆಯಕೂಡದು ಎಂದು ಮುಂದಿನ ಸಂವಿಧಾನ ಪೀಠವೊಂದು ಬರೆಯಬೇಕು. 1994ರಲ್ಲಿ ಅದನ್ನು ಬರೆಯುವ ಅಧಿಕಾರ ಆ ಒಂಬತ್ತು ಮಂದಿಗೆ ಇತ್ತು, ಅವರು ಬರೆಯಲಿಲ್ಲ.